ಹೀಟರ್ ದೀಪ

ಮಾರ್ಲಿಸ್ ಪಿಕಪ್ಪಿನ ಕೀಲಿಯನ್ನು ಅರ್ಧ ತಿರುಗಿಸಿದ್ದೇ ತಡ, ಒಂಬತ್ತು ಚಳಿಗಾಲದಿಂದ ಸತ್ತುಬಿದ್ದಿದ್ದ ಹೀಟರ್ ದೀಪ ಕಣ್ಣೆದುರೇ ಹೊತ್ತಿಕೊಂಡಿತು. ಎತ್ತಿದ ಬಾನೆಟ್ಟಿನ ಆಚೆ ಗಂಡ ಆರ್ವಿಡ್ ಈಥರ್ ಸ್ಪ್ರೇ ಡಬ್ಬಿ ಕುಲುಕುತ್ತಿದ್ದ.

“ಏನ್ ಜಪ ಮಾಡ್ತಾ ಕೂತೆ, ಮುದುಕಿ? ನಾನು ಹೊಡೀತೀನಿ, ನೀನು ತಿರುಗ್ಸು. ದನ ಮೇವಿಗೆ ಕಾಯ್ತಿವೆ.”

ಡಕೋಟಾದ ಚಳಿಗೆ ಈ ಹಳೆಯ ಡೀಸೆಲ್ ಪಿಕಪ್ ಏಳುತ್ತಿದ್ದದ್ದೇ ಹಾಗೆ. ಎಂಜಿನ್ ಬಿಸಿ ಮಾಡುವ ಹೀಟರ್ ಪ್ಲಗ್‌ಗಳು ಸುಟ್ಟುಹೋದ ಮೇಲೆ ತಣ್ಣಗಿನ ಎಂಜಿನ್ನಿಗೂ ಥಟ್ಟನೆ ಹೊತ್ತಿಕೊಳ್ಳುವ ಈಥರನ್ನು ಅವನು ಹೊಡೆಯುವುದು, ಅವಳು ಕೀಲಿ ತಿರುಗಿಸುವುದು. ಆದರೆ ದೀಪ ಹೊತ್ತಿತೆಂದರೆ ಪ್ಲಗ್ ಕಾಯುತ್ತಿದೆ ಎಂದರ್ಥ; ಕಾದ ಪ್ಲಗ್ಗಿಗೆ ಈಥರ್ ತಾಗಿದರೆ ಎಂಜಿನ್ ಮುಖಕ್ಕೇ ಸಿಡಿಯುತ್ತದೆ. ಅದನ್ನು ಅವಳಿಗೆ ಹೇಳಿಕೊಟ್ಟವನೂ ಅವನೇ.

ಕೀಲಿ ಕಿತ್ತುಕೊಂಡು, ಹಿಮದಲ್ಲಿ ಜಾರುತ್ತ ಓಡಿ ಅವಳು ಡಬ್ಬಿ ಕಸಿದುಕೊಂಡಳು. “ಹೊಡೀಬೇಡ. ಪ್ಲಗ್ ಕಾದಿವೆ.”

“ನಿನ್ ತಲೆ. ಸತ್ತ ಪ್ಲಗ್ ಎಲ್ಲಿಂದ ಕಾಯುತ್ತೆ?” ಎಂದು ಅವನು ಬಗ್ಗಿ ನೋಡಿದ. ಮಸಿ ಹಿಡಿದ ಎಂಜಿನ್ನಿನ ಎರಡೂ ಪಕ್ಕ ಎಂಟು ಹೊಸ ಪ್ಲಗ್‌ಗಳು ಮಿರಮಿರನೆ ಮಿಂಚುತ್ತಿದ್ದವು.

ನಿನ್ನೆ ಮಧ್ಯಾಹ್ನವೆಲ್ಲ ಅವನೊಬ್ಬನೇ ಷೆಡ್ಡಿನಲ್ಲಿ ಈ ಪಿಕಪ್ಪಿನ ಜೊತೆಗಿದ್ದ. ಸಂಜೆ ತರಚಿದ ಬೆರಳುಗಳನ್ನು ಚಾಚಿದಾಗ, ಏನಾಯಿತೆಂದು ಕೇಳದೆ ಅವಳು ಪಟ್ಟಿ ಸುತ್ತಿದ್ದಳು. ನಲವತ್ತು ವರ್ಷದಿಂದ ಸುತ್ತುತ್ತಲೇ ಬಂದವಳು, ಕೇಳುವುದೇನಿದೆ?

ಆ ಪಟ್ಟಿಯ ಬೆರಳುಗಳಿಂದಲೇ ಆರ್ವಿಡ್ ಈಗ ಒಂದೊಂದು ಪ್ಲಗ್ಗನ್ನೂ ಮುಟ್ಟಿ ನೋಡಿದ. ಅವನ ಮುಖ ಅರಳಿತು.

“ಪರವಾಗಿಲ್ಲ, ಅಚ್ಚುಕಟ್ಟಾಗಿ ಹಾಕಿದ್ದಾನೆ,” ಎಂದ. “ಯಾರ್ ಕೈಲಿ ಹಾಕಿಸ್ದೆ?”