ಗುರುಪಾದನ ಸಾವಿಗೆ ವನ್ಸ್ ಮೋರ್

ಗದಗಿನ ನಾಟಕದ ಥಿಯೇಟರಿನಲ್ಲಿ ಹವಾಲ್ದಾರ ಗುರುಪಾದ ಎದೆಗೆ ಗುಂಡು ತಗುಲಿದವನಂತೆ ಉದ್ದನೆಯ ಆಲಾಪ ತೆಗೆದು, ಧೊಪ್ಪನೆ ಬಿದ್ದು ಸತ್ತ. ಯಾವ ಯುದ್ಧಕ್ಕೇ ಹೊರಡಲಿ, ಸೈನ್ಯದವರು ಮೊದಲು ಅದನ್ನು ಊರ ಮುಂದೆ ಆಡಿ ತೋರಿಸಬೇಕು; ಕೊನೆಯ ಪರದೆ ಬಿದ್ದ ಮೇಲಷ್ಟೇ ಗಡಿಯ ರೈಲು ಬಿಡುವುದು. ರೈಲು ಆಗಲೇ ಸ್ಟೇಷನ್ನಿಗೆ ಬಂದು ನಿಂತಿತ್ತು.

ಕರ್ನಲ್ ಸಾಹೇಬರು ಪರದೆಯ ಹಗ್ಗ ಸಡಿಲಿಸುವಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಗುರುಪಾದನ ಅತ್ತೆ ನೀಲವ್ವ ಎದ್ದು ನಿಂತು ಕೂಗಿದಳು: "ವನ್ಸ್ ಮೋರ್!"

ಜನ ಕೇಳಿದರೆ ಮತ್ತೆ ಆಡಲೇಬೇಕು, ಸೈನ್ಯವಾದರೇನು. ಗುರುಪಾದ ಎದ್ದು ಮೈ ಕೊಡವಿಕೊಂಡು ಇನ್ನೊಮ್ಮೆ ಸತ್ತ. ಮದುವೆಯಾದಾಗಿನಿಂದ ಒಂದೂ ಒಳ್ಳೆಯ ಮಾತಾಡದ ಅತ್ತೆ ತನ್ನ ಕಲೆಗೆ ಮರುಳಾದಳಲ್ಲ ಎಂದು ಉಬ್ಬಿಹೋದ. ಅಷ್ಟರಲ್ಲಿ ಇಡೀ ಥಿಯೇಟರು ಸಿಳ್ಳೆ ಹೊಡೆದು ಕೂಗತೊಡಗಿತು. ಅವನು ತೆವಳಿ ಸತ್ತ, ಗಿರಕಿ ಹೊಡೆದು ಸತ್ತ, ಹಾಡುತ್ತ ಸತ್ತ.

"ಅಷ್ಟು ಛಲೋ ಸಾಯ್ತೀನೇನ್ರಿ ಅತ್ತಿ?" ಎಂದು ಬಿದ್ದಲ್ಲಿಂದಲೇ ಪಿಸುಗುಟ್ಟಿದ.

"ಎಲ್ಲಿ ಛಲೋ? ಕ್ವಾಣ ಬಿದ್ದಂಗ ಬೀಳ್ತೀರಿ. ಪರದೆ ಬಿದ್ರ ರೈಲು ಹೊಂಡತೈತಿ, ಅದಕ್ಕ ಒದರಾಕತ್ತೀನಿ. ಸುಮ್ನ ಸಾಯ್ರಿ ಅಳಿಯಂದ್ರ."

ಸಂಜೆಯ ಹೊತ್ತಿಗೆ ಎಲ್ಲರ ಗಂಟಲೂ ಕಟ್ಟಿತು. ನೀಲವ್ವ ಬಾಯಿ ತೆರೆದರೂ ದನಿ ಹೊರಡಲಿಲ್ಲ. ಥಿಯೇಟರು ಗಪ್ಪಾಯಿತು. ಸತ್ತು ಬಿದ್ದಿದ್ದ ಗುರುಪಾದ ಒಂದು ಕಣ್ಣು ತೆರೆದು ಮೇಲೆ ನೋಡಿದ. ಪರದೆ ಅಲುಗಾಡುತ್ತಿತ್ತು.

ಆಗ ಹಗ್ಗ ಹಿಡಿದು ನಿಂತಿದ್ದ ಕರ್ನಲ್ ಸಾಹೇಬರು ಮೆಲ್ಲಗೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಹೇಳಿದರು: "ವನ್ಸ್ ಮೋರ್."