ಮಾಲೀಕರ ಸಹಿ

"ಮನೆಯವರಿಗೆ ಯಾರಾದ್ರೂ ಅನುಭವ ಪತ್ರ ಬರ್ಕೊಡ್ತಾರೇನತ್ತಿಗೆ?" ಲಾಡ್ಜಿನ ಕೌಂಟರಿನಲ್ಲಿ ಕೂತಿದ್ದ ಮೈದುನ ನಕ್ಕ. ಹೋಟೆಲ್ ಮ್ಯಾನೇಜ್‌ಮೆಂಟಿನ ಸ್ನಾತಕೋತ್ತರ ಪದವಿಗೆ ಸೇರಲು ಅತ್ತಿಗೆಯ ಅಂಕಗಳು ಸಾಲುತ್ತಿದ್ದವು. ಬೇಕಿದ್ದದ್ದು ಕೆಲಸದ ಅನುಭವಕ್ಕೆ ಮಾಲೀಕರ ಸಹಿ. ಗಂಡ ತೀರಿಕೊಂಡ ಮೇಲೆ ಮಾಲೀಕ ಇವನೇ. ಅರ್ಜಿಗೆ ಅಂದೇ ಕೊನೆಯ ದಿನ.

"ಮದುವೆಯಾಗಿ ಬಂದಾಗಿನಿಂದ ಇಲ್ಲಿ ರೂಮು ಸಜ್ಜು ಮಾಡಿದ್ದು, ಅಡುಗೆಯವರನ್ನ ಸಂಭಾಳಿಸಿದ್ದು, ಗಿರಾಕಿಗಳ ಕೈಲಿ ಬೈಸ್ಕೊಂಡಿದ್ದು ನಾನಲ್ವೇನಪ್ಪಾ?"

"ಅಲ್ಲ ಅಂದೋರ್ಯಾರು? ಆದ್ರೆ ಅದು ನಮ್ಮನೆ ಕೆಲಸ ಅಲ್ವಾ. ನೀವು ಕಾಲೇಜಿಗೆ ಹೋದ್ರೆ ಇಲ್ಲಿ ನೋಡ್ಕೊಳ್ಳೋರು ಯಾರು?"

ಇಷ್ಟು ವರ್ಷ ನುಂಗಿಕೊಂಡಿದ್ದ ಮಾತೊಂದು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಗಿರಾಕಿಯೊಬ್ಬರು, "ಬಿಸಿನೀರೇ ಬರ್ತಿಲ್ಲವಲ್ರೀ" ಎಂದು ಗದರಿದರು. ಅವಳ ಮುಖದಲ್ಲಿ ತಾನಾಗಿಯೇ ನಗು ಅರಳಿತು. "ಕ್ಷಮಿಸಿ ಸಾರ್, ಈಗಲೇ ನೋಡ್ತೀನಿ." ಯಾರು ಎಷ್ಟೇ ಬೈದರೂ ಮಾಸದಂತೆ ಅವಳೇ ಪಳಗಿಸಿಕೊಂಡ ನಗು ಅದು. ಮೈದುನನ ಕಡೆ ತಿರುಗಿದಾಗಲೂ ಅದು ಮುಖ ಬಿಟ್ಟು ಇಳಿದಿರಲಿಲ್ಲ.

"ನೀವು ಬೇಜಾರು ಮಾಡ್ಕೊಳ್ಳೋರಲ್ಲ ಅಂತ ನಂಗೊತ್ತಿತ್ತು ಬಿಡಿ" ಎಂದು ಅವನು ನಿರಾಳವಾಗಿ ಬಾಯ್ಲರ್ ಕೋಣೆಯ ಬೀಗದಕೈಯನ್ನು ಅವಳತ್ತ ಸರಿಸಿದ.