ಕಾರ್ನಿಸ್ ಪಟ್ಟಿಯ ಬಣ್ಣ

“ಬಣ್ಣ ಕೂಡಲಿಲ್ಲ. ಕೆರೆದು ತೆಗೆ,” ಎಂದರು ಶೀಲಾವತಿಯಮ್ಮ.

ಪಾಲಿಶ್ ಕೆಲಸದ ಶರೀಫನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಸ್ಟೂಲು ಹತ್ತಿ, ಸಾಗುವಾನಿಯ ಕಾರ್ನಿಸ್ ಪಟ್ಟಿಯನ್ನು ಅಡುಗೆಮನೆಯ ಕಪಾಟುಗಳ ನೆತ್ತಿಗೆ ಒತ್ತಿ ಹಿಡಿದಿದ್ದ. ಕಪಾಟುಗಳು ವರ್ಷಗಟ್ಟಲೆ ಒಗ್ಗರಣೆಯ ಹೊಗೆ ಕುಡಿದು ಕಪ್ಪಿಟ್ಟಿದ್ದವು; ಪಟ್ಟಿ ಮೊನ್ನೆ ಕೊರೆದದ್ದು. ಅರಗು, ಸ್ಪಿರಿಟ್, ಚಿಟಿಕೆ ಕಂದು ಪುಡಿ ಕಲಸಿ, ಬೆಳಗಿನಿಂದ ಉಜ್ಜಿ ಉಜ್ಜಿ, ಎರಡನ್ನೂ ಒಂದೇ ಮರದ್ದು ಎನ್ನುವಂತೆ ಮಾಡಿದ್ದ.

“ಇನ್ನೊಮ್ಮೆ ನೋಡ್ರಿ ಅವ್ವಾರ. ಕೂಡೇತಿ.”

“ನನಗಿನ್ನೂ ಕಣ್ಣು ಕಾಣ್ತದೆ ಮಾರಾಯ. ಕೆರೆ.”

ದಹಿಸರ್‌ನ ಆ ಕಾಲೋನಿಯಲ್ಲಿ ಶೀಲಾವತಿಯಮ್ಮನ ಮಡಿ ಹೆಸರುವಾಸಿ. ಹಾಲಿನವನು ಹೊಸ್ತಿಲು ಮುಟ್ಟಿದರೂ ನೀರು ಚಿಮುಕಿಸುವ ಹೆಂಗಸು. ಗ್ರಾಂಟ್ ರೋಡಿನಲ್ಲಿ ಹೋಟೆಲು ನಡೆಸುವ ಮಗ ಮೋನಪ್ಪ, ಅಡುಗೆಮನೆಯ ಬೆಳಕಿನಲ್ಲೇ ಬಣ್ಣ ಕೂಡಿಸಬೇಕು, ಹೊರಗೆ ಕೂಡಿಸಿದ್ದು ಒಳಗೆ ಬೇರೆಯೇ ಕಾಣುತ್ತದೆ ಎಂದು ಕಾಲು ಹಿಡಿದ ಮೇಲಷ್ಟೇ ಶರೀಫನಿಗೆ ಒಳಗೆ ಬರಲು ಅಪ್ಪಣೆ ಸಿಕ್ಕಿತ್ತು. ಹಾಗಿದ್ದರೂ ಬೆಳಿಗ್ಗೆ ಮುದುಕಿ ಮುಖ ಗಂಟಿಕ್ಕಿರಲಿಲ್ಲ. ಬೇರೆ ಲೋಟದಲ್ಲೇ ಆದರೂ ಚಹಾ ಕೊಟ್ಟು, ಅವನ ಊರು ವಿಜಾಪುರದ ಸುದ್ದಿ ಕೇಳಿದ್ದರು.

ಕೆಡಿಸಿದ್ದು ಪಕ್ಕದ ಮನೆಯ ವಿನೋದಿನಿ. ಸ್ವಲ್ಪ ಹೊತ್ತಿನ ಮುಂಚೆ ಏದುಸಿರು ಬಿಡುತ್ತ ಬಂದವಳು ಬಾಗಿಲಲ್ಲೇ ನಿಂತು ಮುದುಕಿಯ ಕಿವಿ ಕಚ್ಚಿದಳು. ಇಬ್ಬರೂ ತಿರುಗಿ ಶರೀಫನನ್ನು ನೋಡಿದರು. ಆ ನೋಟ ಅವನಿಗೆ ಹೊಸದಲ್ಲ. ‘ಅಡುಗೆಮನೆಗೆ ಇಂಥವನನ್ನು ಬಿಟ್ಟಿರಾ?’ ಎಂದು ಕೇಳಿರಬೇಕು, ಇನ್ನೇನು?

ಆಗಿನಿಂದ ಮುದುಕಿಯ ಮೈಮೇಲೆ ಬಂದಂತಾಯಿತು. ಟ್ರಾನ್ಸಿಸ್ಟರ್ ಬಾಯಿ ಮುಚ್ಚಿಸಿದರು. ಮುಂಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ ಮಗನ ಒಗೆದ ಪಂಚೆಯನ್ನೂ ಬನಿಯನ್ನನ್ನೂ ದೂರದಿಂದ ಎಸೆದರು.

“ನಿನ್ನ ಪೈಜಾಮ, ಟೊಪ್ಪಿ ನನ್ನ ಅಡುಗೆಮನೆಯಲ್ಲಿ ಬೇಡ. ಇದನ್ನು ಉಟ್ಕೋ.”

ಶರೀಫನ ಮುಖಕ್ಕೆ ರಕ್ತ ಏರಿತು. ಕೆಲಸ ಬಿಟ್ಟು ಹೋದರೆ ಬಣ್ಣ ಕೂಡಿಸಲು ಬಾರದೆ ಓಡಿದ ಎನ್ನುತ್ತಾರೆ. ಹಲ್ಲು ಕಚ್ಚಿ ಉಟ್ಟ.

“ಇನ್ನು ನಿನ್ನನ್ನು ಅಣ್ಣು ಅಂತ ಕರೀತೇನೆ. ಆ ಹೆಸರು ನನ್ನ ಬಾಯಿಗೆ ಬರುದಿಲ್ಲ.”

“ಬೆಳಿಗ್ಗೆ ಬಂದಿತ್ತಲ್ರೀ. ನಮ್ಮಪ್ಪ ಇಟ್ಟ ಹೆಸರು ಶರೀಫ. ನಾ ಅದಕ್ಕಷ್ಟ ಓ ಅಂತೀನಿ.”

“ಓ ಅನ್ನಬೇಡ. ಬಾಯಿ ಮುಚ್ಚಿ ಕೆಲಸ ಮಾಡು.”

ಕೆರೆದ. ಮತ್ತೆ ಹಚ್ಚಿದ. ಈ ಸಲ ಬಣ್ಣ ಮೊದಲಿಗಿಂತ ಚೆನ್ನಾಗಿ ಕೂಡಿತು. ಶೀಲಾವತಿಯಮ್ಮ ಕಪಾಟಿನ ಕಡೆ ಮುಖವನ್ನೂ ತಿರುಗಿಸದೆ ಹೇಳಿದರು: “ಕೂಡಲಿಲ್ಲ.”

ಬಿಸಿಲು ನೆತ್ತಿಗೆ ಬಂತು. ಅಂದು ಶುಕ್ರವಾರ. ಶರೀಫ ಬಟ್ಟೆಯ ಉಂಡೆಯನ್ನು ಕೆಳಗಿಟ್ಟು ಕೈ ತೊಳೆದ.

“ನಮಾಜಿಗೆ ಹೊಂಟೆ. ಕೀಲಿ ಕೊಡ್ರಿ.”

“ಕೆಲಸ ಮುಗೀದೆ ಹೊರಗೆ ಕಾಲಿಡುದು ಬೇಡ.”

“ಒಂದು ಕಟ್ಟಿಗಿ ಪಟ್ಟಿಗೋಸ್ಕರ ಜುಮ್ಮಾ ಬಿಡಲೇನು?”

“ಬಿಡು. ನಿನ್ನ ದೇವರು ಎಲ್ಲಿಗೂ ಓಡಿಹೋಗುದಿಲ್ಲ.”

ಶರೀಫನ ತಾಳ್ಮೆಯ ಕಟ್ಟೆ ಒಡೆಯಿತು. ಬಾಗಿಲು ಮುರಿಯಬಹುದಿತ್ತು, ನಾಳೆ ಕಳ್ಳನೆಂಬ ಹೆಸರೂ ಬರುತ್ತಿತ್ತು. ಅವನು ಅದಕ್ಕಿಂತ ದೊಡ್ಡದನ್ನು ಮಾಡಿದ. ನಲ್ಲಿಯಲ್ಲಿ ಕೈಕಾಲು ಮುಖ ತೊಳೆದು, ಆ ಮಡಿಯ ಅಡುಗೆಮನೆಯ ನಟ್ಟನಡುವೆ ತನ್ನ ಟವೆಲು ಹಾಸಿದ. ‘ನೋಡಿಕೋ ಮುದುಕಿ, ಈಗ ಎಷ್ಟು ಕೊಡ ನೀರು ಸುರಿಯುತ್ತೀಯೋ ಸುರಿ’ ಎಂದು ಮನಸ್ಸಿನಲ್ಲೇ ಸವಾಲು ಹಾಕಿ ನಿಂತ.

ಬೈಗುಳ ಬರಲಿಲ್ಲ. ಶೀಲಾವತಿಯಮ್ಮ ಎದ್ದು ಕಿಟಕಿ ಮುಚ್ಚಿದರು. ಅವನು ನಮಾಜು ಮುಗಿಸುವವರೆಗೂ ಗೋಡೆಗೆ ಮುಖ ಮಾಡಿ ತೆಂಗಿನಕಾಯಿ ತುರಿದರು. ತನಗೆ ಹೆದರಿದರು ಎಂದು ಶರೀಫನಿಗೆ ಒಳಗೊಳಗೇ ಖುಷಿಯಾಯಿತು.

ಟವೆಲು ಮಡಚುವಷ್ಟರಲ್ಲಿ ಯಾರೋ ಬಾಗಿಲನ್ನು ಧಡಧಡ ಬಡಿದರು. ಹೊರಗೆ ಗಂಡಸರ ದನಿಗಳು. ವಿನೋದಿನಿ ಬಿಲ್ಡಿಂಗಿನವರನ್ನು ಕರೆತಂದಳು, ಕತ್ತು ಹಿಡಿದು ದಬ್ಬಿಸುತ್ತಾಳೆ ಎಂದುಕೊಂಡ ಶರೀಫ. ದಬ್ಬಲಿ. ತಾನು ತಲೆ ತಗ್ಗಿಸುವುದಿಲ್ಲ. ಎದೆ ಸೆಟೆಸಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

ಶೀಲಾವತಿಯಮ್ಮ ಬೀಗ ತೆಗೆದು, ಒಳಗಿನ ಸರಪಳಿ ಬಿಡುವಷ್ಟೇ ಅಗಲಕ್ಕೆ ಬಾಗಿಲು ತೆರೆದರು. ಸಂದಿನಲ್ಲಿ ಶರೀಫನಿಗೆ ಕಂಡದ್ದು ಗುರುತಿಲ್ಲದ ಗಂಡಸರ ಕೈಯಲ್ಲಿದ್ದ ಕಬ್ಬಿಣದ ಸರಳುಗಳು. ಅವುಗಳ ಹಿಂದೆ, ಸ್ಟೇಶನ್ನಿನ ಕಡೆಯ ಆಕಾಶದಲ್ಲಿ, ಕಪ್ಪು ಹೊಗೆ.

“ಪಾಲಿಶ್‌ನ ಶರೀಫ ಈ ಮನೆಗೆ ಬಂದದ್ದನ್ನು ನೋಡಿದವರಿದ್ದಾರೆ,” ಒಬ್ಬ ಹಿಂದಿಯಲ್ಲಿ ಗದರಿದ. “ಅವನನ್ನು ಹೊರಗೆ ಕಳಿಸಿ. ಒಳಗೆ ನಿಂತವನು ಯಾರು?”

ಶೀಲಾವತಿಯಮ್ಮ ಸೊಂಟಕ್ಕೆ ಕೈಯಿಟ್ಟು, ತಮ್ಮ ಮುರುಕು ಹಿಂದಿಯಲ್ಲಿ ಮೆಟ್ಟಿಲೆಲ್ಲ ಕೇಳುವಂತೆ ಹೇಳಿದರು: “ಅವನನ್ನು ಬೆಳಿಗ್ಗೆಯೇ ಓಡಿಸಿದೆ. ಇವ ನನ್ನ ಅಣ್ಣನ ಮಗ ಅಣ್ಣು. ಇಡೀ ಕಾಲೋನಿಯನ್ನು ಕೇಳಿ ನೋಡಿ, ನನ್ನ ಅಡುಗೆಮನೆಯೊಳಗೆ ನಾನು ಬೇರೆ ಯಾರನ್ನಾದರೂ ಬಿಟ್ಟೇನಾ?”